ಅಜ್ದರಾರ್: ಒಂದು ಶಬ್ದದ ವೃತ್ತಾಂತ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕಾಸರಗೋಡಿನ ಕನ್ನಡ ಸಭೆಯಲ್ಲಿ ಅರ್ಮೇನಿಯಾ ದೇಶದ ಶಬ್ದವೊಂದನ್ನು ಕುರಿತು ಮಾತನಾಡಲು ನಿಂತಿರುವುದು ತಮಗೆ ವಿಚಿತ್ರವಾಗಿ ತೋರಬಹುದು. ಕಾರಣವನ್ನು ಮೊದಲೇ ಅರಿಕೆ ಮಾಡುತ್ತೇನೆ. ಕಳೆದ ವರ್ಷ ಶಾಲೆ ತೆರೆಯುವ ದಿನಗಳಲ್ಲಿ ಗೃಹಸ್ಥರೊಬ್ಬರು ತಮ್ಮ ಮಗಳನ್ನು ಕನ್ನಡ ತರಗತಿಯಿಂದ ಬಿಡಿಸಿಕೊಳ್ಳಲು ಬಂದರು. ಹುಡುಗಿ ಕನ್ನಡದಲ್ಲಿ ಜಾಣೆ. ತಂದೆ ಹೇಳಿದರು: “ಮಾಸ್ಟ್ರೆ, ಕನ್ನಡದ ಮೇಲೆ ನನಗೆ ಕೋಪವೇನೂ ಇಲ್ಲ. ಆದರೆ ತನ್ನ ರಾಜ್ಯದ ಹೊರಗೆ ಉಳಿದ ಭಾಷೆ ಎಷ್ಟು ಕಾಲ ಬಾಳೀತು?” ನಾನು ಅವರ ಕಾಗದಗಳನ್ನು ಸಿದ್ಧಮಾಡಿಸಿಕೊಟ್ಟೆ, ಉತ್ತರವನ್ನು ಕೊಡಲಾರದೆ ಹೋದೆ. ಅಂದಿನ ಆ ಸಾಲವನ್ನು ಇಂದು ಈ ಒಂದು ಶಬ್ದದ ಮೂಲಕ ತೀರಿಸಲು ಯತ್ನಿಸುತ್ತೇನೆ.

ಆ ಶಬ್ದ ‘ಅಜ್ದರಾರ್’. ಅರ್ಮೇನಿಯನ್ ಭಾಷೆಯಲ್ಲಿ ‘ಅಜ್ದ್’ ಎಂದರೆ ಅರುಹು, ತಿಳಿವಳಿಕೆ. ‘ಅರಾರ್’ ಎಂಬುದು ‘ಮಾಡು’ ಎಂಬರ್ಥದ ಧಾತುವಿನ ರೂಪ. ಸೃಷ್ಟಿಕರ್ತನಾದ ದೇವರನ್ನು ಆ ಜನ ‘ಅರಾರಿಚ್’ ಎಂದು ಕರೆಯುವುದೂ ಈ ಧಾತುವಿನಿಂದಲೇ. ಆದುದರಿಂದ ಅಜ್ದರಾರ್ ಎಂದರೆ ಅರಿವನ್ನುಂಟುಮಾಡುವವನು, ಸುದ್ದಿ ತಿಳಿಸುವವನು.

‘ಅಜ್ದ್’ ಎಂಬುದು ಇರಾನೀ ಭಾಷೆಗಳಿಂದ ಬಂದ ಎರವಲು. ದಾರಯವಹು ಚಕ್ರವರ್ತಿ ಬೆಹಿಸ್ತೂನಿನ ಬಂಡೆಯಲ್ಲಿ ಕೊರೆಯಿಸಿದ ಶಾಸನದಲ್ಲಿ, ರಾಜಕುಮಾರನ ಕೊಲೆಯು ಜನರಿಗೆ ‘ಗೊತ್ತಾಗಲಿಲ್ಲ’ ಎನ್ನುವೆಡೆ ‘ಅಜ್ದಾ’ ಎಂಬ ಶಬ್ದವೇ ಬಂದಿದೆ. ಇದರ ಸೋದರ ಶಬ್ದ ನಮ್ಮ ಸಂಸ್ಕೃತದ ‘ಅದ್ಧಾ’. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ‘ಅಂಜಸಾ’ ಎಂಬುದರ ಜೊತೆಗೆ ನಿಂತ ಈ ಅವ್ಯಯ ನೆನಪಿದ್ದೀತು, ಅರ್ಥ ‘ನಿಜವಾಗಿ’. ಸಂಸ್ಕೃತದ ಶ್ರದ್ಧೆಗೆ ಅವೆಸ್ತಾದ ‘ಜ್ರಜ್ದಾ’ ಹೇಗೋ ಅದ್ಧಾ ಎಂಬುದಕ್ಕೆ ಅಜ್ದಾ ಹಾಗೆ. ನಿಜವಾದುದು, ಆದುದರಿಂದ ಗೊತ್ತಾದುದು, ಆದುದರಿಂದ ತಿಳಿಸತಕ್ಕದ್ದು: ಅರ್ಥವು ನಡೆದ ದಾರಿ ಇದು.

ನಮ್ಮ ‘ಸುದ್ದಿ’ಯನ್ನು ನೋಡಿರಿ. ಅದು ಸಂಸ್ಕೃತದ ‘ಶುದ್ಧಿ’ಯ ತದ್ಭವ. ನಮ್ಮಲ್ಲಿಯೂ ಸುದ್ದಿ ಎನ್ನಿಸಿಕೊಳ್ಳಲು ಮಾತು ಮೊದಲು ಶುದ್ಧವಾಗಿರಬೇಕು. ಅದಕ್ಕೆ ಮಾಡುವವನೆಂಬ ಅರ್ಥದ ‘ಕಾರ’ವನ್ನು ಸೇರಿಸಿ ನಾವು ‘ಸುದ್ದಿಗಾರ’ ಎಂದೆವು. ಅವರು ‘ಅಜ್ದರಾರ್’ ಎಂದರು. ಎರಡು ಭಾಷೆಗಳಿಗೆ ನೆಂಟಸ್ತಿಕೆಯಿಲ್ಲ. ಒಂದು ದ್ರಾವಿಡ ಕುಲದ್ದು, ಮತ್ತೊಂದು ಇಂಡೋ-ಯೂರೋಪಿಯನ್ ಕುಲದಲ್ಲೇ ಬೇರೆಯಾದ ಶಾಖೆ. ಆದರೂ ಎರಡು ಮನೆಗಳ ಬುದ್ಧಿ ಒಂದೇ ದಾರಿಯಲ್ಲಿ ನಡೆದಿದೆ.

ಇನ್ನು ಈ ಶಬ್ದದ ಬಾಳುವೆ. ಅರ್ಮೇನಿಯನ್ ಭಾಷೆಯ ಮೊತ್ತಮೊದಲ ಪತ್ರಿಕೆಯ ಹೆಸರೇ ಅಜ್ದರಾರ್. ಅದು ಹುಟ್ಟಿದುದು ಅರಾರತ್ ಪರ್ವತದ ತಪ್ಪಲಿನಲ್ಲಲ್ಲ. 1794ರ ಅಕ್ಟೋಬರಿನಲ್ಲಿ ನಮ್ಮ ಮದರಾಸಿನಲ್ಲಿ! ಪರ್ಷಿಯಾದ ಷಿರಾಜ್ ನಗರದವರಾದ ಹರುತ್ಯುನ್ ಷ್ಮವೋನ್ಯನ್ ಎಂಬ ಪಾದ್ರಿಗಳು, ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ದುಃಖವನ್ನು ಹೊತ್ತು ಮದರಾಸಿಗೆ ಬಂದವರು, ಅಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿ ಈ ಮಾಸಪತ್ರಿಕೆಯನ್ನು ಹೊರಡಿಸಿದರು. ಚಂದಾದಾರರು ಕೆಲವೇ ಮಂದಿ. 1796ರಲ್ಲಿ, 18 ಸಂಚಿಕೆಗಳಾದ ಮೇಲೆ, ಪತ್ರಿಕೆ ನಿಂತಿತು. ಆ ಭಾಷೆಯ ಮೊದಲ ಅಚ್ಚಿನ ಪುಸ್ತಕವೂ 1512ರಲ್ಲಿ ದೂರದ ವೆನಿಸ್ ನಗರದಲ್ಲಿ ಹೊರಟದ್ದು. ಇನ್ನೂ ಹಿಂದೆ ಮೆಸ್ರೋಪ್ ಮಷ್ತೋತ್ಸ್ ಎಂಬ ಮಹನೀಯರು 405ರ ಸುಮಾರಿಗೆ 36 ಅಕ್ಷರಗಳ ಲಿಪಿಯನ್ನು ರಚಿಸಿದಾಗ, ಅವರ ನಾಡು ರೋಮನರಿಗೂ ಪಾರಸಿಕರಿಗೂ ಪಾಲಾಗಿತ್ತು. ನಾಡು ಎರಡಾಯಿತು, ಅಕ್ಷರ ಒಂದಾಯಿತು.

ನಮ್ಮ ಕಥೆಯೂ ಇದಕ್ಕೆ ದೂರವಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಹೊರಟಾಗ ಮಂಗಳೂರು ಮದರಾಸಿನ ಆಡಳಿತದಲ್ಲಿತ್ತು. ಈ ನಮ್ಮ ಸೀಮೆಯೂ ಅದೇ ಕೆನರಾ ಜಿಲ್ಲೆಗೆ ಸೇರಿತ್ತು. ಅದನ್ನು ನಡೆಸಿದ ಮೋಗ್ಲಿಂಗ್ ಜರ್ಮನಿಯವರು.

ಆದರೆ ಸಭಿಕರೆ, ಕಥೆಯ ಇನ್ನೊಂದು ಮುಖವನ್ನು ಮರೆಮಾಚಲಾರೆ. ಇಂದು ಚೆನ್ನೈಯ ಅರ್ಮೇನಿಯನ್ ಬೀದಿಯಲ್ಲಿ 1772ರ ಆ ಇಗರ್ಜಿ ನಿಂತಿದೆ, ಗಂಟೆಗಳೂ ಇವೆ, ಪ್ರಾರ್ಥನೆಗೆ ಬರುವ ಅರ್ಮೇನಿಯನ್ ಕುಟುಂಬಗಳು ಮಾತ್ರ ಇಲ್ಲವಾಗಿವೆ. ಅದೇ ಭಾಷೆ ಬೇರೆ ಎಷ್ಟೋ ದೇಶಗಳಲ್ಲಿ, ಮನೆಯಲ್ಲಿ ಆಡುವವರೂ ಶಾಲೆಯಲ್ಲಿ ಓದುವವರೂ ಇರುವೆಡೆಯಲ್ಲಿ, ಬಾಳುತ್ತಿದೆ. ಭಾಷೆಯನ್ನು ಉಳಿಸುವುದು ಗಡಿಯ ಕಲ್ಲಲ್ಲ, ಕಟ್ಟಡವೂ ಅಲ್ಲ, ಓದುವ ಮಕ್ಕಳು.

ಆ ತಂದೆಯವರು ಈ ಸಭೆಯಲ್ಲಿದ್ದರೆ ನನ್ನ ಉತ್ತರ ಇಷ್ಟೆ: “ಸ್ವಾಮಿ, ರಾಜ್ಯದ ಹೊರಗೆ ಭಾಷೆ ಬಾಳಬಲ್ಲುದು, ಮನೆಯ ಹೊರಗಾದರೆ ಬಾಳಲಾರದು. ಮಗಳು ಯಾವ ಶಾಲೆಗಾದರೂ ಹೋಗಲಿ. ದಿನಕ್ಕೆ ಒಂದು ಪುಟ ಕನ್ನಡವನ್ನು ಅವಳಿಂದ ಗಟ್ಟಿಯಾಗಿ ಓದಿಸಿ, ತಾವು ಕುಳಿತು ಕೇಳಿರಿ.” ಪ್ರತಿ ಮನೆಯಲ್ಲೂ ಅಂತಹ ಒಬ್ಬ ಸುದ್ದಿಗಾರನೋ ಸುದ್ದಿಗಾರ್ತಿಯೋ ಇರಲಿ ಎಂದು ಹಾರೈಸುತ್ತೇನೆ.