ದನಿಗೆ ತಕ್ಕ ಶ್ರುತಿ



ವಲಸೆ ಕನ್ನಡಿಗರ ಮನೆಕೂಟಗಳಲ್ಲಾಗಲಿ, ಪ್ರತಿಭಟನೆಯ ಮೆರವಣಿಗೆಗಳಲ್ಲಾಗಲಿ ಆಗಾಗ ಕಾಣುವ ನೋಟವೊಂದಿದೆ. ಯುವಕನೊಬ್ಬ ಗಿಟಾರ್ ಹಿಡಿದು ತಾನು ಕಲಿತ ಶ್ರುತಿಯಲ್ಲೇ ಹಾಡನ್ನು ಎತ್ತಿಕೊಳ್ಳುತ್ತಾನೆ. ಪಲ್ಲವಿಯವರೆಗೆ ಎಲ್ಲರೂ ದನಿಗೂಡಿಸುತ್ತಾರೆ. ಚರಣದಲ್ಲಿ ಧಾಟಿ ಮೇಲೇರುತ್ತಿದ್ದಂತೆ ಹೆಂಗಸರಲ್ಲಿ ಹಲವರು, ವಯಸ್ಸಾದವರು ಒಬ್ಬೊಬ್ಬರಾಗಿ ಸುಮ್ಮನಾಗುತ್ತಾರೆ. ಹಾಡಲು ಬರುವುದಿಲ್ಲವೆಂದು ತಾವೇ ಹೇಳಿಕೊಂಡು ಹಿಂದೆ ಸರಿಯುತ್ತಾರೆ. ವಾಸ್ತವವಾಗಿ ಹಾಡಿನ ಎತ್ತರ ಅವರ ಕಂಠಕ್ಕೆ ಹೊಂದಿರುವುದಿಲ್ಲ. ಆ ಎತ್ತರವನ್ನು ನಿರ್ಧರಿಸಿದ್ದಾದರೂ ಏನು? ವಾದಕನ ಬೆರಳುಗಳಿಗೆ ಸುಲಭವಾಗಿದ್ದ ಮೂರು ಕಾರ್ಡುಗಳು.

ಕಾರ್ಡ್ ಎಂದರೆ ಏಕಕಾಲಕ್ಕೆ ನುಡಿಯುವ ಸ್ವರಗಳ ಗುಂಪು. ಹೊಸದಾಗಿ ಕಲಿಯುವವರು ಅದನ್ನು ಬೆರಳುಗಳ ಚಿತ್ರವಾಗಿ ನೆನಪಿಡುತ್ತಾರೆ. ಆದರೆ ಅದರ ತಿರುಳು ಇರುವುದು ಸ್ವರಗಳ ನಡುವಣ ಅಂತರದಲ್ಲಿ. ಗಿಟಾರಿನಲ್ಲಿ ಒಂದು ಫ್ರೆಟ್ ಎಂದರೆ ಒಂದು ಅರ್ಧಸ್ವರ. 12 ಫ್ರೆಟ್ ದಾಟಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ದೊರೆಯುತ್ತದೆ. ಷಡ್ಜದಿಂದ ನಾಲ್ಕು ಅರ್ಧಸ್ವರ ಮೇಲಕ್ಕೆ ಅಂತರ ಗಾಂಧಾರ, ಅಲ್ಲಿಂದ ಮೂರು ಮೇಲಕ್ಕೆ ಪಂಚಮ. ಈ ಮೂರೂ ಕೂಡಿದರೆ ಮೇಜರ್ ಕಾರ್ಡ್. ಮೊದಲು ಮೂರು, ಆಮೇಲೆ ನಾಲ್ಕು ಎಂದಾದರೆ ಸಾಧಾರಣ ಗಾಂಧಾರ ಬಂದು ಮೈನರ್ ಕಾರ್ಡ್ ಆಗುತ್ತದೆ. ಷಡ್ಜ ಎಲ್ಲಿದ್ದರೂ ಈ ಲೆಕ್ಕ ಬದಲಾಗದು.

ಹಾಗಿದ್ದರೆ ಸಿ ಕಾರ್ಡಿನ ಬೆರಳಿನ ವಿನ್ಯಾಸವೂ ಎ ಕಾರ್ಡಿನ ವಿನ್ಯಾಸವೂ ಬೇರೆ ಬೇರೆಯಾಗಿ ಕಾಣುವುದೇಕೆ? ಗಿಟಾರಿನ ಆರು ತಂತಿಗಳ ನಡುವಣ ಅಂತರ ಏಕರೂಪವಾಗಿಲ್ಲ. ದಪ್ಪ ತಂತಿಯಿಂದ ಸಣ್ಣ ತಂತಿಯತ್ತ ಎಣಿಸಿದರೆ ಅದು 5, 5, 5, 4, 5 ಅರ್ಧಸ್ವರಗಳು. ಜೊತೆಗೆ, ಒತ್ತದೆ ಬಿಟ್ಟ ತಂತಿಗಳೂ ಕಾರ್ಡಿನಲ್ಲಿ ನುಡಿಯುತ್ತವೆ. ಆದ್ದರಿಂದಲೇ ಒಂದೇ ಅಂತರಗಳನ್ನು ಬೆರಳುಗಳು ಬೇರೆ ಬೇರೆ ರೂಪಗಳಲ್ಲಿ ಹಿಡಿಯಬೇಕಾಗುತ್ತದೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಹಿಡಿಯುವ ಎಫ್ ಕಾರ್ಡನ್ನು ಎರಡು ಫ್ರೆಟ್ ಮುಂದಕ್ಕೆ ಜಾರಿಸಿದರೆ ಅದೇ ಜಿ ಕಾರ್ಡ್ ಆಗುವುದು ಈ ಮಾತಿಗೆ ಸಾಕ್ಷಿ.

ಉತ್ತರ ಕೆರೊಲಿನಾದ ಎಲಿಜಬೆತ್ ಕಾಟನ್ ಇನ್ನೊಂದು ಸಾಕ್ಷಿ. ಎಡಗೈ ಬಳಕೆಯ ಆಕೆ ಬಲಗೈಯವರಿಗಾಗಿ ತಂತಿ ಕಟ್ಟಿದ ಗಿಟಾರನ್ನು ಹಾಗೆಯೇ ತಿರುಗಿಸಿ ಹಿಡಿದರು. ಮಂದ್ರದ ತಂತಿಗಳನ್ನು ಬೆರಳುಗಳಿಂದಲೂ ಧಾಟಿಯನ್ನು ಹೆಬ್ಬೆರಳಿನಿಂದಲೂ ನುಡಿಸಿದರು. ಸೀಗರ್ ಕುಟುಂಬದ ಮನೆಗೆಲಸದಲ್ಲಿದ್ದ ಈ ಕಪ್ಪು ಮಹಿಳೆಯ ಪ್ರತಿಭೆ ಲೋಕಕ್ಕೆ ತಿಳಿದದ್ದು ಅವರ ಇಳಿವಯಸ್ಸಿನಲ್ಲಿ. ಪುಸ್ತಕದ ಯಾವ ಚಿತ್ರವೂ ಅವರ ಕೈಗೆ ಒದಗುವಂತಿರಲಿಲ್ಲ. ಆದರೆ ಸ್ವರಗಳ ಅಂತರ ಎಲ್ಲರಿಗೂ ಇದ್ದಂತೆಯೇ ಅವರಿಗೂ ಇತ್ತು.

ಅಂತರ ತಿಳಿದವರಿಗೆ ಶ್ರುತಿ ಬದಲಿಸುವುದು ಎಣಿಕೆಯ ಕೆಲಸ. ಸಿ, ಎಫ್, ಜಿ ಕಾರ್ಡುಗಳಲ್ಲಿರುವ ಹಾಡು ಹೆಚ್ಚು ಎತ್ತರವಾಯಿತೆನ್ನಿ. ಮೂರನ್ನೂ ಮೂರು ಅರ್ಧಸ್ವರ ಇಳಿಸಿದರೆ ಎ, ಡಿ, ಇ ದೊರೆಯುತ್ತವೆ. ಷಡ್ಜ, ಮಧ್ಯಮ, ಪಂಚಮಗಳ ಸಂಬಂಧ ಹಾಗೆಯೇ ಉಳಿಯುತ್ತದೆ. ಎರಡೇ ಅರ್ಧಸ್ವರ ಇಳಿಸಬೇಕಾದರೆ ಮೂರನೆಯ ಫ್ರೆಟ್ಟಿಗೆ ಕೇಪೋ ಕಟ್ಟಿ ಜಿ, ಸಿ, ಡಿ ರೂಪಗಳನ್ನು ನುಡಿಸಬಹುದು. ಕೇಪೋ ಶ್ರುತಿಯನ್ನು ಏರಿಸಬಲ್ಲದೇ ಹೊರತು ಇಳಿಸದು. ಆದರೂ ಕೆಳಗಿನ ರೂಪವೊಂದನ್ನು ಆರಿಸಿಕೊಂಡರೆ ಇಳಿಸುವ ಕೆಲಸಕ್ಕೂ ಅದು ನೆರವಾಗುತ್ತದೆ.

ಶ್ರುತಿ ಹಾಡುವವರದ್ದು ಎಂಬ ತಿಳಿವಳಿಕೆ ಕನ್ನಡಿಗರಿಗೆ ಹೊಸದಲ್ಲ. ಕರ್ನಾಟಕ ಸಂಗೀತದಲ್ಲಿ ಗಂಡಸರು ಸಾಮಾನ್ಯವಾಗಿ ಸಿ, ಡಿಗಳ ಆಸುಪಾಸಿನಲ್ಲೂ ಹೆಂಗಸರು ಜಿಯ ಆಸುಪಾಸಿನಲ್ಲೂ ಷಡ್ಜ ಇಟ್ಟುಕೊಳ್ಳುತ್ತಾರೆ. ತಂಬೂರಿ ಗಾಯಕರನ್ನು ಅನುಸರಿಸುತ್ತದೆ. ಕಾರ್ಡನ್ನು ಆರಿಸುವಾಗಲೂ ಇಂಥದೇ ವಿನಯ ಬೇಕು. ಧಾಟಿಯ ಗಾಂಧಾರ ಯಾವುದೆಂದು ಕೇಳಿಸಿಕೊಂಡ ಮೇಲೆಯೇ ಮೇಜರ್ ಅಥವಾ ಮೈನರ್ ಎಂದು ತೀರ್ಮಾನಿಸಬೇಕು. ಹಿಂದೋಳದಲ್ಲಿ ಪಂಚಮವೇ ಇಲ್ಲ. ಅಲ್ಲಿ ಷಡ್ಜದ ಮೇಲೆ ಪೂರ್ಣ ಕಾರ್ಡ್ ಹಿಡಿದರೆ ರಾಗಕ್ಕೆ ಸೇರದ ಸ್ವರವೊಂದು ಒಳನುಗ್ಗುತ್ತದೆ.

ಹಾಡು ಕೈಯಿಂದ ಕೈಗೆ ಸಾಗುವ ಬಗೆಯನ್ನು ಚಳವಳಿಗಳ ಚರಿತ್ರೆಯೂ ತೋರಿಸುತ್ತದೆ. 1945ರಲ್ಲಿ ಆರಂಭವಾಗಿ 1946ರವರೆಗೂ ನಡೆದ ಚಾರ್ಲ್ಸ್‌ಟನ್ನಿನ ಹೊಗೆಸೊಪ್ಪು ಕಾರ್ಮಿಕರ ಮುಷ್ಕರದಲ್ಲಿ ಕಪ್ಪು ಮಹಿಳೆಯರೇ ಹೆಚ್ಚಿನ ಸಂಖ್ಯೆಯಲ್ಲಿದ್ದರು. ಅವರಲ್ಲಿ ಲುಸಿಲ್ ಸಿಮನ್ಸ್ ಚರ್ಚಿನ ಮೂಲದ ಹಾಡೊಂದನ್ನು ನಿಧಾನಗತಿಯಲ್ಲಿ ಹಾಡುತ್ತಿದ್ದರು. ಟೆನೆಸಿಯ ಹೈಲ್ಯಾಂಡರ್ ಶಾಲೆಯಲ್ಲಿ ಜಿಲ್ಫಿಯಾ ಹಾರ್ಟನ್ ಅದನ್ನು ಕಲಿತು ಅಕಾರ್ಡಿಯನ್ನಿನೊಡನೆ ಹಾಡಿದರು. ಅವರಿಂದ ಪೀಟ್ ಸೀಗರ್ ಕಲಿತರು. 1960ರಲ್ಲಿ ಗೈ ಕ್ಯಾರವಾನ್ ಅದನ್ನು ವಿದ್ಯಾರ್ಥಿ ಹೋರಾಟಗಾರರ ನಡುವೆ ಗಿಟಾರಿನೊಡನೆ ಹಾಡಿದರು. ಲೋಕ ಅದನ್ನು 'ವಿ ಶಲ್ ಓವರ್‌ಕಮ್' ಎಂದು ಬಲ್ಲದು. ವಾದ್ಯಗಳು ಬದಲಾದವು, ಕಂಠಗಳು ಬದಲಾದವು, ಲಯವೂ ಬದಲಾಯಿತು. ಹಾಡು ಒಂದೇ ಶ್ರುತಿಗೆ ಕಟ್ಟುಬಿದ್ದಿದ್ದರೆ ಅಷ್ಟು ಜನರ ಬಾಯಿಗೆ ದಕ್ಕುತ್ತಿರಲಿಲ್ಲ.

ಆದ್ದರಿಂದ ಮುಂದಿನ ಕೂಟದಲ್ಲಿ ಗಿಟಾರ್ ಹಿಡಿಯುವವರು ಮೊದಲು ಸ್ವಲ್ಪ ಹೊತ್ತು ಅದನ್ನು ನುಡಿಸದಿರಲಿ. ಹಾಡಿನ ಅತಿ ಎತ್ತರದ ಸಾಲನ್ನು, ಸುಮ್ಮನಾಗುವ ಅಭ್ಯಾಸವಿರುವವರಿಂದಲೇ, ವಾದ್ಯವಿಲ್ಲದೆ ಹಾಡಿಸಲಿ. ಅವರ ದನಿ ಆಯಾಸವಿಲ್ಲದೆ ನಿಂತ ಸ್ವರವನ್ನು ತಂತಿಯ ಮೇಲೆ ಹುಡುಕಲಿ. ತಾವು ಕಲಿತ ಸ್ವರಕ್ಕೂ ಅದಕ್ಕೂ ಎಷ್ಟು ಫ್ರೆಟ್ ಅಂತರವಿದೆಯೆಂದು ಎಣಿಸಿ, ಎಲ್ಲ ಕಾರ್ಡುಗಳನ್ನೂ ಅಷ್ಟೇ ಸರಿಸಲಿ. ಅಪರಿಚಿತ ಕಾರ್ಡುಗಳಿಂದ ಬೆರಳು ತುಸು ನೋಯಬಹುದು. ಆ ನೋವನ್ನು ವಾದಕ ಹೊತ್ತರೆ ಸಭೆಯ ಅರ್ಧದಷ್ಟು ಜನ ಮೌನವನ್ನು ಹೊರಬೇಕಾಗಿಲ್ಲ.