ಮಿದುಳನ್ನು ಗುಡಿಸುವವರು ಯಾರು?



ಊರಿನಲ್ಲಿರುವ ತಂದೆಯೋ ತಾಯಿಯೋ ಫೋನಿನಲ್ಲಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದಾಗ ಅಳುಕಿದವರು ಈ ಸಭೆಯಲ್ಲಿ ಹಲವರಿರಬಹುದು. ‘ವಯಸ್ಸಾಯಿತು, ಅರಳುಮರಳು’ ಎಂದುಕೊಂಡು ಸುಮ್ಮನಾಗುತ್ತೇವೆ. ಆ ಪದ ಎಷ್ಟೋ ಸಲ ರೋಗವನ್ನೇ ಮುಚ್ಚಿಡುತ್ತದೆ.

ಆಲ್ಜೈಮರ್ ಕಾಯಿಲೆಯಲ್ಲಿ ಎರಡು ಪ್ರೋಟೀನುಗಳು ತಮ್ಮ ಸಹಜ ಮಡಿಕೆ ತಪ್ಪುತ್ತವೆ. ಅಮಿಲಾಯ್ಡ್ ಬೀಟಾ ನರಕೋಶಗಳ ಹೊರಗೆ ಗರಣೆಗಟ್ಟಿದರೆ, ಟೌ ಒಳಗೆ ಸಿಕ್ಕಾಗುತ್ತದೆ. ಇವನ್ನು ತೆರವುಗೊಳಿಸುವ ಕೆಲಸದಲ್ಲಿ ದೊಡ್ಡ ಪಾಲು ಮೈಕ್ರೋಗ್ಲಿಯಾ ಎಂಬ ರೋಗನಿರೋಧಕ ಕೋಶಗಳದ್ದು. ಅವು ಮಿದುಳಿನಲ್ಲೇ ಹುಟ್ಟಿದವಲ್ಲ. ಭ್ರೂಣಾವಸ್ಥೆಯಲ್ಲಿ ಹಳದಿಚೀಲದಿಂದ ವಲಸೆ ಬಂದು ಅಲ್ಲಿ ನೆಲೆಸಿದವು. ವಲಸಿಗರ ಸಭೆಯಲ್ಲಿ ಇದನ್ನು ಹೇಳದೆ ಮುಂದುವರಿಯಲಾರೆ. 1919ರಲ್ಲಿ ಅವುಗಳನ್ನು ಬಿಡಿಸಿ ತೋರಿಸಿ ಹೆಸರಿಟ್ಟ ಪಿಯೋ ದೆಲ್ ರಿಯೋ ಓರ್ತೇಗಾ ಕೂಡ ಸ್ಪೇನಿನ ಅಂತರ್ಯುದ್ಧದಿಂದಾಗಿ ದೇಶ ತೊರೆದು, 1945ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡವರು.

ಈ ಕೋಶಗಳನ್ನು ಜಾಡಮಾಲಿಗಳಿಗೆ ಹೋಲಿಸುವುದು ಸುಲಭ. ಆ ಪದಕ್ಕಂಟಿದ ಜಾತಿಯನ್ನು ಬಲ್ಲ ನಾನು ಅದನ್ನು ಬಳಸಲಾರೆ. ವಿಜ್ಞಾನದ ದೃಷ್ಟಿಯಿಂದಲೂ ಅದು ಕಳಪೆ ಹೋಲಿಕೆ. ಯಾವುದು ಕಸ, ಯಾವುದು ಅಲ್ಲ ಎಂಬ ತೀರ್ಮಾನವೂ ಇಲ್ಲಿ ಈ ಕೋಶಗಳದ್ದೇ. ಅವುಗಳ ಮೈಮೇಲಿನ ಟ್ರೆಮ್2 ಎಂಬ ಗ್ರಾಹಕವು ಅಮಿಲಾಯ್ಡನ್ನೂ ಕೊಬ್ಬಿನ ಕಣಗಳನ್ನೂ ಗುರುತಿಸುತ್ತದೆ. ಬಳಿಕ ಕೋಶವು ಗಂಟನ್ನು ಸುತ್ತುವರಿದು, ಚೂರುಗಳನ್ನು ನುಂಗಿ, ತನ್ನೊಳಗಿನ ಕಿಣ್ವಗಳಿಂದ ಅರಗಿಸಲು ಹೆಣಗುತ್ತದೆ. ಅರಗದಿದ್ದರೆ ಗೋಡೆಯಂತೆ ನಿಂತು ಗಂಟನ್ನು ಅದುಮಿ, ಪಕ್ಕದ ನರತಂತುಗಳಿಗೆ ಆಗುವ ಹಾನಿಯನ್ನು ತಗ್ಗಿಸುತ್ತದೆ. ಟ್ರೆಮ್2 ವಂಶವಾಹಿಯ ಒಂದು ವಿರಳ ರೂಪವು ಕಾಯಿಲೆಯ ಅಪಾಯವನ್ನು ಸುಮಾರು ಮೂರು ಪಟ್ಟು ಹೆಚ್ಚಿಸುತ್ತದೆಂದು 2013ರಲ್ಲಿ ಪ್ರಕಟವಾದಾಗ, ಉರಿಯೂತವನ್ನು ಕೇವಲ ರೋಗದ ಹೊಗೆಯೆಂದು ಕಾಣುತ್ತಿದ್ದ ವಾದ ಸಡಿಲಗೊಂಡಿತು. ಆದರೆ ಇದೇ ಕೋಶಗಳು ಹದ ತಪ್ಪಿದಾಗ ನರಸಂಧಿಗಳನ್ನೂ ನುಂಗುತ್ತವೆ; ಇಲಿಗಳಲ್ಲಿ ಇದು ಗಂಟುಗಳು ಕಟ್ಟುವ ಮುನ್ನವೇ ಕಂಡಿದೆ. ಆದ್ದರಿಂದ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪುಡಿ, ಕಷಾಯಗಳ ಜಾಹೀರಾತುಗಳನ್ನು ದಯವಿಟ್ಟು ಕುಟುಂಬದ ವಾಟ್ಸಾಪ್ ಗುಂಪಿಗೆ ರವಾನಿಸಬೇಡಿ.

ಲೆಕನೆಮ್ಯಾಬ್ ಎಂಬ ಪ್ರತಿಕಾಯ ಈ ಕೋಶಗಳನ್ನೇ ಕೆಲಸಕ್ಕೆ ಕರೆಯುತ್ತದೆ. ಅದರ ಒಂದು ತುದಿ ಅಮಿಲಾಯ್ಡಿಗೆ ಅಂಟುತ್ತದೆ, ಇನ್ನೊಂದು ತುದಿ ಮೈಕ್ರೋಗ್ಲಿಯಾಕ್ಕೆ ಹಿಡಿಯಾಗುತ್ತದೆ. ರೋಗದ ಆರಂಭದ ಹಂತದಲ್ಲಿದ್ದವರ ಮೇಲೆ ನಡೆದ 18 ತಿಂಗಳ ಪ್ರಯೋಗದಲ್ಲಿ ಕುಸಿತದ ವೇಗ ಶೇ. 27ರಷ್ಟು ತಗ್ಗಿತು, ಕುಸಿತ ನಿಲ್ಲಲಿಲ್ಲ. ಕೆಲವರಲ್ಲಿ ಮಿದುಳು ಬಾತುಕೊಂಡಿತು, ರಕ್ತ ಜಿನುಗಿತು. ಅಮೆರಿಕದಲ್ಲಿ 2023ರಲ್ಲಿ ಘೋಷಿಸಿದ ಬೆಲೆ ವರ್ಷಕ್ಕೆ 26,500 ಡಾಲರ್. ಟ್ರೆಮ್2ವನ್ನು ನೇರವಾಗಿ ಉದ್ದೀಪಿಸಲು ಹೊರಟ ಇನ್ನೊಂದು ಪ್ರತಿಕಾಯ 2024ರ ಪ್ರಯೋಗದಲ್ಲಿ ಸೋತಿತು.

2013ರ ಆ ಅಧ್ಯಯನಗಳಲ್ಲಿದ್ದವರು ಬಹುಪಾಲು ಯೂರೋಪ್ ಮೂಲದವರು. ನಮ್ಮ ಜನರ ಲೆಕ್ಕ ಈಗಷ್ಟೇ ಸಿದ್ಧವಾಗುತ್ತಿದೆ. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಿದೆ. ಗುರಿ 10,000 ಜನ. ಇದು ತೀರ ಅಗತ್ಯವಾದ ಕೆಲಸ. ಅಂಥ ಹಳ್ಳಿಗರ ರಕ್ತದಿಂದ ಹುಟ್ಟುವ ತಿಳಿವಳಿಕೆ ನಾಳೆ ಔಷಧವಾದರೆ, ಅದು ಅವರಿಗೆ ಯಾವ ಬೆಲೆಗೆ ಸಿಗಬೇಕೆಂದು ಈಗಲೇ ಕೇಳಬೇಕು. ಲೆಕನೆಮ್ಯಾಬ್ ಮೊದಲು ಎರಡು ವಾರಕ್ಕೊಮ್ಮೆ ನರದ ಮೂಲಕ ಕೊಡುವ ಔಷಧ; ನಡುನಡುವೆ ಎಂಆರ್‌ಐ ಆಗಬೇಕು. ಕೂಲಿ ಬಿಟ್ಟು ಅಪ್ಪನನ್ನು ಬಸ್ಸಿನಲ್ಲಿ ಕರೆತರುವ ಮಗಳ ದಿನಗಳು ಆ 26,500 ಡಾಲರಿನಲ್ಲಿ ಸೇರಿಲ್ಲ.