ಹಿಲಾಂದರ್ ಮಠದ ಹೊತ್ತಗೆಗಳು
(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳು)



ನಾನು ಎಂದೂ ಕಾಲಿಡಲಾಗದ ಒಂದು ಮಠದ ಸಂಗತಿ ಹೇಳುತ್ತೇನೆ. ಗ್ರೀಸ್ ದೇಶದ ಉತ್ತರ ಭಾಗದಲ್ಲಿ ಅಥೋಸ್ ಎಂಬ ಬೆಟ್ಟವಿದೆ. ಅಲ್ಲಿ ಕ್ರೈಸ್ತ ಸನ್ಯಾಸಿಗಳ ಇಪ್ಪತ್ತು ಮಠಗಳು. ಅವುಗಳಲ್ಲಿ ಹಿಲಾಂದರ್ ಸರ್ಬಿಯಾದವರದು. ರಾಜ್ಯ ಬಿಟ್ಟು ಸನ್ಯಾಸಿಯಾದ ಸ್ಟೆಫಾನ್ ನೆಮಾನ್ಯ ಮತ್ತು ಅವನ ಮಗ ಸಾವಾ, ಪಾಳುಬಿದ್ದಿದ್ದ ಅದನ್ನು 1198ರಲ್ಲಿ ಎತ್ತಿ ನಿಲ್ಲಿಸಿದರು. ಚರ್ಮದ ಹಾಳೆಯ ಮೇಲೆ, ಕಾಗದದ ಮೇಲೆ ಸ್ಲಾವ್ ಭಾಷೆಯಲ್ಲಿ ಬರೆದ ನೂರಾರು ಹಸ್ತಪ್ರತಿಗಳು ಅಲ್ಲಿವೆ. ಆದರೆ ಆ ಬೆಟ್ಟಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. ಇಂದಿಗೂ ಇಲ್ಲ.

ಹೊತ್ತಗೆ ಒಂದೇ ಕಡೆ ಇದ್ದರೆ ಏನಾದೀತೆಂದು ಸರ್ಬಿಯಾದವರಿಗೆ ಯಾರೂ ಹೇಳಬೇಕಿರಲಿಲ್ಲ. 1941ರ ಏಪ್ರಿಲ್ 6ರಂದು ಜರ್ಮನ್ ವಿಮಾನಗಳು ಬೆಲ್‌ಗ್ರೇಡ್ ಮೇಲೆ ಬಾಂಬು ಸುರಿದಾಗ ಅವರ ರಾಷ್ಟ್ರೀಯ ಗ್ರಂಥಾಲಯ ಉರಿದುಹೋಯಿತು. ಸಾವಿರಕ್ಕೂ ಮಿಕ್ಕಿದ ಹಸ್ತಪ್ರತಿಗಳು ಬೂದಿಯಾದವು.

ಮುಂದೆ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮತೇಯಾ ಮತೇಯಿಚ್, ಅವರೂ ಪಾದ್ರಿಯೇ, 1970ರ ದಶಕದಲ್ಲಿ ತಂಡ ಕಟ್ಟಿಕೊಂಡು ಹಿಲಾಂದರಿಗೆ ಹೋದರು. ಹೊತ್ತಗೆಗಳನ್ನು ಪುಟಪುಟವಾಗಿ ಮೈಕ್ರೋಫಿಲ್ಮ್ ಸುರುಳಿಗಳಿಗೆ ಇಳಿಸಿದರು. ಅವರ ಕ್ಯಾಮೆರಾಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಆ ಸನ್ಯಾಸಿಗಳ ಒಪ್ಪಿಗೆ. ನಮ್ಮ ಕಡೆ ತಾಡೋಲೆಯ ಕಟ್ಟನ್ನು ಜಗುಲಿಯ ಮೇಲಿಟ್ಟು ಪೂಜೆ ಮಾಡುವ, ಬಿಚ್ಚಲು ಮಾತ್ರ ಬಿಡದ ಮನೆಗಳನ್ನು ನಾನು ಕಂಡಿದ್ದೇನೆ. ಅದಕ್ಕೇ ಈ ಮಾತು.

ಆ ಸುರುಳಿಗಳಿಗಾಗಿ 1978ರಲ್ಲಿ ಕೊಲಂಬಸ್ ನಗರದ ವಿಶ್ವವಿದ್ಯಾಲಯದಲ್ಲಿ ಹಿಲಾಂದರ್ ಸಂಶೋಧನ ಗ್ರಂಥಾಲಯ ತೆರೆಯಿತು. ಅಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಮಠದ ಹೊಸ್ತಿಲು ದಾಟಲಾಗದ ವಿದುಷಿಯರು ಆ ಮಠದ ಅಕ್ಷರಗಳನ್ನು ಓದಿದರು. ಬಾಗಿಲು ತೆರೆಯಲಿಲ್ಲ, ಹೊತ್ತಗೆ ಹೊರಗೆ ಬಂತು. ಇದನ್ನು ನಾನು ಅರ್ಧ ನ್ಯಾಯ ಎನ್ನುತ್ತೇನೆ. ಆದರೆ ಆ ಅರ್ಧ ಸಣ್ಣದಲ್ಲ.

2004ರ ಮಾರ್ಚ್‌ನಲ್ಲಿ ಒಂದು ರಾತ್ರಿ ಹಿಲಾಂದರಿಗೆ ಬೆಂಕಿ ಬಿತ್ತು. ಮಠದ ಅರ್ಧದಷ್ಟು ಸುಟ್ಟಿತು. ಪುಣ್ಯಕ್ಕೆ ಹಸ್ತಪ್ರತಿಗಳು ಉಳಿದವು. ಉಳಿಯದಿದ್ದರೂ ಓದು ನಿಲ್ಲುತ್ತಿರಲಿಲ್ಲ.

ಫಿಲ್ಮಿನಲ್ಲಿ ಎಲ್ಲವೂ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಕಾಲ ಬರೆದಿಡದ ಪ್ರತಿಯ ವಯಸ್ಸನ್ನು ಕಾಗದದೊಳಗಿನ ನೀರುಗುರುತಿನಿಂದ ಅಂದಾಜು ಮಾಡುತ್ತಾರೆ. ಹಾಳೆಯನ್ನು ಬೆಳಕಿಗೆ ಹಿಡಿದರೇ ಅದು ಕಾಣುವುದು. ಅಲ್ಲಿ ಹಾಗೆ ಹಿಡಿದು ನೋಡಲು ವಿದುಷಿಯೊಬ್ಬಳು ಇಂದಿಗೂ ಯಾರಾದರೂ ಗಂಡಸನ್ನೇ ಕೇಳಿಕೊಳ್ಳಬೇಕು.